ಹಾಳೂರಿನ ಚರಿತ್ರೆ ಹುಡುಕುವುದು ಹೇಗೆ? ಕಾಗದದಿಂದ ಶುರುಮಾಡಿ

ತಾತನ ಊರು ಹೇಗೆ ಬೆಳೆಯಿತು, ಯಾಕೆ ಖಾಲಿಯಾಯಿತು ಅಂತ ತಿಳಿಯಲು ಹೊರಟವರು ಮೊದಲು ಹೋಗುವುದು ಹಿರಿಯರ ಹತ್ತಿರ. ಅವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: "ಪ್ಲೇಗ್ ಬಂತು, ಊರು ಬಿಟ್ರು." ಗ್ರಾಮ ಲೆಕ್ಕಿಗನಾಗಿ ಕೈಯಲ್ಲಿ ಪಹಣಿ, ಅಂದರೆ ಹೊಲ ಯಾರದು, ಉಳುವವರು ಯಾರು, ಬೆಳೆ ಏನು ಅಂತ ತೋರಿಸುವ ಕಾಗದ, ಬರೆದವನು ನಾನು. ನನ್ನ ಸಲಹೆ ಬೇರೆ. ಮೊದಲು ಕಾಗದ ನೋಡಿ, ಆಮೇಲೆ ಅಜ್ಜನ ಹತ್ತಿರ ಹೋಗಿ. ಊರು ಒಂದೇ ಏಟಿಗೆ ಹಾಳಾಗುವುದು ಕಡಿಮೆ. ಮನೆ ಖಾಲಿಯಾಗುವುದು ಒಂದು ಕಾಲಕ್ಕೆ, ಹೊಲ ಪಾಳು ಬೀಳುವುದು ಇನ್ನೊಂದು ಕಾಲಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಗ್ರಾಮ ನಕ್ಷೆಯಿಂದ ಶುರುಮಾಡಿ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲದಿದ್ದರೂ ಸರ್ಕಾರಿ ಲೆಕ್ಕದಲ್ಲಿ ಅದರ ಹೆಸರು ಇದ್ದೇ ಇರುತ್ತದೆ, 'ಬೇಚರಾಕ್ ಗ್ರಾಮ' ಅಂತ. ನಕ್ಷೆಯಲ್ಲಿ ಗ್ರಾಮಠಾಣಾ (ಮನೆಗಳಿದ್ದ ಜಾಗ) ಎಲ್ಲಿದೆ, ಕೆರೆ ಎಲ್ಲಿದೆ, ಬಂಡಿದಾರಿಗಳು ಎಲ್ಲಿ ಬಂದು ಸೇರುತ್ತವೆ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗಕ್ಕೆ ಹೋಗಿ. ನಿಂತ ಕಡೆಯ ಸರ್ವೆ ನಂಬರ್ ಅದೇ ತೋರಿಸುತ್ತದೆ. ಜಾಲಿ ಗಿಡದ ನಡುವೆ ಒರಳು ಕಲ್ಲು, ಹೆಂಚಿನ ಚೂರು ಕಂಡರೆ ಫೋಟೋ ತೆಗೆದುಕೊಳ್ಳಿ, ಆದರೆ ಅಗೆಯಬೇಡಿ.

ಎರಡನೆಯದು ಆಕಾರ್ ಬಂದ್, ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಜಮೀನಿನ ವರ್ಗ, ಕಂದಾಯ ಬರೆದಿಟ್ಟ ಪಟ್ಟಿ. ಸರ್ವೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಜನ ಇದನ್ನು ವಿಸ್ತೀರ್ಣ ನೋಡುವುದಕ್ಕೆ ಮಾತ್ರ ತೆಗೆಸುತ್ತಾರೆ. ಊರಿನ ಚರಿತ್ರೆ ಬೇಕಾದವರು ಖುಷ್ಕಿ (ಮಳೆ ನಂಬಿದ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂಬ ವರ್ಗ ನೋಡಬೇಕು. ಆಕಾರ್ ಬಂದ್‌ನಲ್ಲಿ ತರಿ ಅಂತಿದ್ದು, ಇವತ್ತು ಅಲ್ಲಿ ನೀಲಗಿರಿ ತೋಪು ನಿಂತಿದೆ ಅನ್ನಿ. ಹಾಗಾದರೆ ಒಂದು ಕಾಲಕ್ಕೆ ಕೆರೆ ನೀರು ಅಲ್ಲಿವರೆಗೆ ಹರಿದಿತ್ತು, ಭತ್ತ ಬೆಳೆಯುತ್ತಿತ್ತು. ಅಂಥ ಸರ್ವೆ ನಂಬರುಗಳನ್ನೆಲ್ಲ ನಕ್ಷೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ತುಂಬಿ. ಊರಿನ ಒಳ್ಳೆಯ ಕಾಲ ಎಷ್ಟು ದೂರ ಹಬ್ಬಿತ್ತು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನು ಪಹಣಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದ ಮೇಲಿನದು ಕಂಪ್ಯೂಟರಿನಲ್ಲಿದೆ. ನಿಮಗೆ ಜಾಸ್ತಿ ಬೇಕಾದ್ದು ಅದಕ್ಕೂ ಹಿಂದಿನ ಕೈಬರಹದ ಪಹಣಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಹಳೇ ಮೈಸೂರು ಸೀಮೆಯಾದರೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳನ್ನೂ ಕೇಳಿ, ಅವು ಪಹಣಿಗಿಂತ ಹಿಂದಕ್ಕೆ ಹೋಗುತ್ತವೆ. ಎಲ್ಲ ನಂಬರಿನದೂ ತೆಗೆಸಲು ಹೋಗಬೇಡಿ, ದುಡ್ಡು ದಂಡ. ಕೆರೆ ಕೆಳಗಿನದು ಒಂದೆರಡು, ಎತ್ತರದ ಖುಷ್ಕಿ ಒಂದೆರಡು, ಊರಿಗೆ ಅಂಟಿಕೊಂಡಿದ್ದು ಒಂದು. ಸಾಕು.

ಪಹಣಿಯಲ್ಲಿ 9ನೇ ಕಲಂ ಖಾತೆದಾರರದು, 11 ಸಾಲ-ಋಣದ್ದು, 12 ಸಾಗುವಳಿ ಮಾಡಿದವರ ಹೆಸರು ಮತ್ತು ಬೆಳೆಯದು. 9 ಮತ್ತು 12ರಲ್ಲಿ ಬೇರೆ ಬೇರೆ ಹೆಸರಿದ್ದರೆ ಸಾಮಾನ್ಯವಾಗಿ ಅದು ಗೇಣಿ ಹೊಲ. ಈಗ 1974ರ ಮಾರ್ಚ್ 1ರ ಆಚೆಗೂ ಈಚೆಗೂ ಇರುವ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವತ್ತಿನಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು 7ನೇ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. 12ನೇ ಕಲಂನ ಹೆಸರು ಮುಂದೆ 9ಕ್ಕೆ ಏರಿದ್ದರೆ ಉಳುವವನಿಗೆ ಹೊಲ ಸಿಕ್ಕಿದೆ ಅಂತ. ಏರದೆ ಮಾಯವಾಗಿದ್ದರೆ ಆ ಸಂಸಾರ ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಎಷ್ಟೋ ಊರು ಕರಗಲು ಶುರುವಾಗಿದ್ದೇ ಅಲ್ಲಿಂದ ಅನ್ನುವುದು ನನ್ನ ಅನಿಸಿಕೆ. ಒಂದು ಎಚ್ಚರ: ಬೆಳೆ ಕಲಂ ಅನ್ನು ಪೂರಾ ನಂಬಬೇಡಿ. ಹೊಲಕ್ಕೆ ಹೋಗದೆ ಹಿಂದಿನ ವರ್ಷದ್ದನ್ನೇ ಸುಮ್ನೆ ನಕಲು ಮಾಡಿದ ಪಹಣಿಗಳು ಬೇಕಾದಷ್ಟಿವೆ. ಹತ್ತು ವರ್ಷ ಒಂದೇ ಕೈಯಲ್ಲಿ 'ರಾಗಿ, ರಾಗಿ' ಅಂತಿದ್ದರೆ ಅನುಮಾನಪಡಿ.

ಜನರ ಲೆಕ್ಕಕ್ಕೆ ಜನಗಣತಿಯ ಜಿಲ್ಲಾ ಕೈಪಿಡಿ ನೋಡಿ. 1951ರಿಂದ ಊರುವಾರು ಸಿಗುತ್ತದೆ, ಜನಗಣತಿ ಇಲಾಖೆಯ ಜಾಲತಾಣದಲ್ಲೂ ಇವೆ. ಬರೀ ಜನಸಂಖ್ಯೆ ಬರೆದುಕೊಂಡು ಬರಬೇಡಿ. ಜನ ಕಡಿಮೆಯಾಗಿ ಮನೆಗಳ ಸಂಖ್ಯೆ ಹಾಗೇ ಇದ್ದರೆ ಹರೆಯದವರು ಹೋಗಿ ಮುದುಕರು ಉಳಿದಿರಬಹುದು. ಎರಡೂ ಇಳಿದಿದ್ದರೆ ಸಂಸಾರ ಸಮೇತ ಹೋಗಿದ್ದಾರೆ. ಶಾಲೆ ಇದ್ದ ಊರಾದರೆ ಹೆಡ್‌ಮೇಷ್ಟ್ರನ್ನು ವಿನಂತಿಸಿ ದಾಖಲಾತಿ ಪುಸ್ತಕ ನೋಡಿ. ಟಿ.ಸಿ. ತೆಗೆದುಕೊಂಡ ತಾರೀಖುಗಳು ಯಾವ ವರ್ಷ ಗುಂಪಾಗಿವೆ ನೋಡಿ. ಬೋರ್‌ವೆಲ್ ಬತ್ತಿದ್ದು ಯಾವಾಗ ಅಂತ ಅದೇ ವರ್ಷದ ಸುತ್ತ ವಿಚಾರಿಸಿ.

ಈಗ ಅಜ್ಜನ ಹತ್ತಿರ ಹೋಗಬಹುದು. ಅವರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. "ಧಾತು ಬರದಾಗ ಊರು ಬಿಟ್ವಂತೆ" ಅಂದರೆ 1876-77. ಆ ಬರದ ಏಟು ಎಷ್ಟಿತ್ತೆಂದರೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರ ಹೊತ್ತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1936-37 ಕೂಡ ಧಾತುವೇ. ಯಾವ ಧಾತು ಅಂತ ಗೊತ್ತಾಗಬೇಕಾದರೆ "ಆಗ ನಿಮ್ಮಪ್ಪ ಹುಟ್ಟಿದ್ರಾ?" ಅಂತ ಕೇಳಿ.

ಊರು ಬಿಟ್ಟವರ ಪತ್ತೆ ಬೇಕಾದರೆ ಪಾಳು ಗುಡಿಯ ಹತ್ತಿರ ಕಾಯಿರಿ. ಮನೆದೇವರು ಅಲ್ಲೇ ಉಳಿದಿದ್ದರೆ ವರ್ಷಕ್ಕೊಮ್ಮೆ ಯಾರಾದರೂ ಹರಕೆ ತೀರಿಸಲು ಬಂದೇ ಬರುತ್ತಾರೆ. ಅವರ ಫೋನ್ ನಂಬರ್ ಇಸಿದುಕೊಳ್ಳಿ. ಬ್ಯಾಗಿನಲ್ಲಿರುವ ಪಹಣಿ ನಕಲುಗಳನ್ನು ಮಾತ್ರ ಮೊದಲ ದಿನವೇ ಹೊರಗೆ ತೆಗೆಯಬೇಡಿ. ಕಂಡ ತಕ್ಷಣ ಪಾಲು ಕೇಳಲು ಬಂದಿದ್ದೀರಿ ಅಂದುಕೊಳ್ಳುತ್ತಾರೆ. ಆಮೇಲೆ ಕಾಫಿ ಸಿಗಬಹುದು, ಮಾತು ಸಿಗುವುದಿಲ್ಲ.