ಕ್ಯಾಲಿಫೋರ್ನಿಯಾದಲ್ಲಿ ಬಸ್ ಅಪಘಾತ: ಗಾಯಗೊಂಡ ಪ್ರಯಾಣಿಕರ ಹಕ್ಕುಗಳು ಮತ್ತು ಮುಂದಿನ ಕ್ರಮ

ಕ್ಯಾಲಿಫೋರ್ನಿಯಾದಲ್ಲಿ ಬಸ್ ಪ್ರಯಾಣದ ವೇಳೆ ಗಾಯಗೊಂಡವರು, ಚಿಕಿತ್ಸೆಯ ಏರ್ಪಾಡಾದ ಕೂಡಲೇ ಖಚಿತಪಡಿಸಿಕೊಳ್ಳಬೇಕಾದ ಸಂಗತಿಯೆಂದರೆ ಆ ಬಸ್ಸು ಸರ್ಕಾರಿ ಸಂಸ್ಥೆಯದೋ ಖಾಸಗಿ ಕಂಪನಿಯದೋ ಎಂಬುದು. ಖಾಸಗಿ ಬಸ್ಸಾದರೆ ದಾವೆ ಹೂಡಲು ಸಾಮಾನ್ಯವಾಗಿ 2 ವರ್ಷಗಳ ಕಾಲಾವಕಾಶವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಮ್ಯುನಿ, ಸ್ಯಾನ್ ಹೋಸೆಯ ವಿಟಿಎ ಮೊದಲಾದ ಸಾರ್ವಜನಿಕ ಸಾರಿಗೆಯ ಬಸ್ಸಾದರೆ, ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ, ಅಪಘಾತವಾದ 6 ತಿಂಗಳೊಳಗೆ, ಆ ಸಂಸ್ಥೆಗೆ ಲಿಖಿತ ಕ್ಲೇಮು ಸಲ್ಲಿಸಿರಬೇಕು. ಅದನ್ನು ಪರಿಶೀಲಿಸಲು ಸಂಸ್ಥೆಗೆ 45 ದಿನಗಳಿರುತ್ತವೆ. ತಿರಸ್ಕಾರದ ಪತ್ರ ಬಂದರೆ, ಅದನ್ನು ಅಂಚೆಗೆ ಹಾಕಿದ ದಿನದಿಂದ ಮತ್ತೆ 6 ತಿಂಗಳೊಳಗೆ ದಾವೆ ಹೂಡಬೇಕು. ನ್ಯಾಯವಾದ ಎಷ್ಟೋ ಬೇಡಿಕೆಗಳು ಈ ಮೊದಲ ಗಡುವು ತಪ್ಪಿದ್ದರಿಂದಲೇ ಬಿದ್ದುಹೋಗುತ್ತವೆ. ಸಾರ್ವಜನಿಕ ಬಸ್ಸನ್ನು ಖಾಸಗಿ ಗುತ್ತಿಗೆದಾರರು ಓಡಿಸುವುದೂ ಉಂಟು. ಅಂಥ ಸಂದೇಹವಿದ್ದಾಗ, ಮತ್ತು ಗಾಯಗೊಂಡದ್ದು ಮಗುವಾಗಿದ್ದಾಗಲೂ, 6 ತಿಂಗಳ ಲೆಕ್ಕವನ್ನೇ ಹಿಡಿಯುವುದು ಕ್ಷೇಮ.

ಹಣ ಪಡೆದು ಪ್ರಯಾಣಿಕರನ್ನು ಸಾಗಿಸುವವರು ಅವರ ಸುರಕ್ಷತೆಗೆ ಅತ್ಯುನ್ನತ ಮಟ್ಟದ ಎಚ್ಚರ ವಹಿಸಬೇಕೆಂದು ಈ ರಾಜ್ಯದ ಕಾನೂನು ಹೇಳುತ್ತದೆ. ಆದ್ದರಿಂದ ಎರಡು ವಾಹನಗಳು ಡಿಕ್ಕಿಯಾಗಿರಲೇಬೇಕೆಂದಿಲ್ಲ. ಚಾಲಕನ ಅಜಾಗರೂಕತೆಯಿಂದ ಬಸ್ಸು ಜಗ್ಗಿ ವೃದ್ಧರೊಬ್ಬರು ಒಳಗೇ ಬಿದ್ದರೂ ಪರಿಹಾರ ಕೇಳಬಹುದು. ಪ್ರಯಾಣಿಕರದೂ ಸ್ವಲ್ಪ ತಪ್ಪಿದ್ದರೆ ಅದರ ಪ್ರಮಾಣಕ್ಕೆ ತಕ್ಕಂತೆ ಮೊತ್ತ ಕಡಿಮೆಯಾಗುತ್ತದೆಯೇ ಹೊರತು ಹಕ್ಕು ಇಲ್ಲವಾಗುವುದಿಲ್ಲ. ವೀಸಾದ ಸ್ಥಿತಿಗತಿಯ ಭಯದಿಂದ ಸುಮ್ಮನಾಗುವವರಿಗೆ ಇದನ್ನು ಒತ್ತಿ ಹೇಳಬೇಕು: ಗಾಯದ ಪರಿಹಾರದ ದಾವೆಯಲ್ಲಿ ವ್ಯಕ್ತಿಯ ವಲಸೆ ಸ್ಥಿತಿಯನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು ರಾಜ್ಯದ ಸಾಕ್ಷ್ಯ ಕಾಯ್ದೆಯೇ ಹೇಳಿದೆ.

ಸ್ಥಳದಲ್ಲಿ ತುರ್ತು ಸಹಾಯದ 911ಕ್ಕೆ ಕರೆ ಮಾಡಿ, ಬಸ್ಸಿನ ಸಂಖ್ಯೆ, ಮಾರ್ಗ, ಸಮಯ ಮತ್ತು ಸಹಪ್ರಯಾಣಿಕರ ಫೋನ್ ನಂಬರುಗಳನ್ನು ಬರೆದಿಟ್ಟುಕೊಳ್ಳಬೇಕು. ಬಸ್ಸಿನೊಳಗಿನ ಕ್ಯಾಮೆರಾದ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದಾದ್ದರಿಂದ ಅದನ್ನು ಕಾದಿರಿಸುವಂತೆ ತಡಮಾಡದೆ ಲಿಖಿತವಾಗಿ ಕೋರಬೇಕು. ನೋವು ಅಲ್ಪವೆನಿಸಿದರೂ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಕುತ್ತಿಗೆ, ಬೆನ್ನುಗಳ ಪೆಟ್ಟು ಮರುದಿನವೇ ತಿಳಿಯುವುದು ಹೆಚ್ಚು. ಹಣ ಕಟ್ಟುವ ಶಕ್ತಿ ಇರಲಿ ಇಲ್ಲದಿರಲಿ, ತುರ್ತು ಚಿಕಿತ್ಸಾ ಘಟಕಕ್ಕೆ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1986ರಿಂದ ಇದೆ. ಆದರೆ ಬಿಲ್ಲು ಬಂದೇ ಬರುತ್ತದೆ.

ಬಸ್ಸಿನವರ ಇನ್ಶೂರೆನ್ಸ್ ಪ್ರತಿನಿಧಿ ಸೌಜನ್ಯದಿಂದಲೇ ಕರೆ ಮಾಡಿ ಧ್ವನಿಮುದ್ರಿತ ಹೇಳಿಕೆ ಕೇಳಬಹುದು, ಸಣ್ಣ ಮೊತ್ತದ ಚೆಕ್ಕಿನೊಂದಿಗೆ, ಇನ್ನೇನೂ ಕೇಳುವುದಿಲ್ಲವೆಂದು ಒಪ್ಪುವ ಬಿಡುಗಡೆ ಪತ್ರವನ್ನೂ ಕಳುಹಿಸಬಹುದು. ಅದಕ್ಕೆ ಸಹಿ ಹಾಕಿದ ಮೇಲೆ ಮುಂದೆ ಶಸ್ತ್ರಚಿಕಿತ್ಸೆಯೇ ಬೇಕಾದರೂ ಮತ್ತೆ ಕೇಳುವಂತಿಲ್ಲ. ವಕೀಲರನ್ನು ಕಾಣದೆ ಯಾವ ಸಹಿಯೂ ಬೇಡ. ಇಂಥ ಪ್ರಕರಣಗಳಲ್ಲಿ ಹೆಚ್ಚಿನ ವಕೀಲರು ಮುಂಗಡ ಕೇಳದೆ, ಬಂದ ಪರಿಹಾರದಲ್ಲಿ ಪಾಲು ಪಡೆಯುತ್ತಾರೆ. ಆ ಕರಾರು ಬರಹದಲ್ಲಿರಬೇಕು, ಮತ್ತು ಪಾಲಿನ ಪ್ರಮಾಣದ ಬಗ್ಗೆ ಚೌಕಾಸಿ ಮಾಡಲು ಅವಕಾಶವಿದೆ. ಚಿಕಿತ್ಸೆಯ ವೆಚ್ಚ ಭರಿಸಿದ ಆರೋಗ್ಯ ವಿಮೆಯವರೂ ಪರಿಹಾರದಿಂದ ತಮ್ಮ ಹಣ ಮರಳಿ ಕೇಳಬಹುದು. ಕೈಗೆ ನಿಜವಾಗಿ ಎಷ್ಟು ಉಳಿಯುತ್ತದೆಂದು ಮೊದಲೇ ವಿಚಾರಿಸಬೇಕು.

ಮಕ್ಕಳನ್ನು ನೋಡಲು ಬಂದ ತಂದೆತಾಯಿಗಳಿಗೆ ಸಾಮಾನ್ಯವಾಗಿ ಸಿಗುವ ವಾಸದ ಅವಧಿಯೂ 6 ತಿಂಗಳೇ ಆಗಿರುವುದರಿಂದ, ಅವರು ವಿಮಾನ ಹತ್ತುವ ಮುನ್ನವೇ ಕ್ಲೇಮು ಸಲ್ಲಿಸಿ, ಪ್ರವಾಸ ವಿಮೆಯವರಿಗೆ ತಿಳಿಸಿ, ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಪಡೆದಿರಬೇಕು. ಅವರು ಊರಿಗೆ ಮರಳಿದ ನಂತರವೂ ವಕೀಲರ ಮೂಲಕ ಪ್ರಕರಣ ಮುಂದುವರಿಯಬಲ್ಲದು.