ಪ್ಯಾಕೇಜುಗಳನ್ನು ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು

ಮಂಡ್ಯದ ಕಾಲೇಜು ಲ್ಯಾಬಿರಲಿ, ಮೈಸೂರಿನ ಪುಟ್ಟ ಆಫೀಸಿರಲಿ, ಡೆಬಿಯನ್ 12 (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಹತ್ತಿಪ್ಪತ್ತು ಕಂಪ್ಯೂಟರ್ ನೋಡಿಕೊಳ್ಳುವವರು ಮೊದಲೇ ಒಂದು ಗೆರೆ ಎಳೆದುಕೊಳ್ಳಿ: ಸಿಸ್ಟಮ್‌ಗೆ ಬೇಕಾದ ಪ್ಯಾಕೇಜುಗಳು (ಕಟ್ಟಿಟ್ಟ ಸಾಫ್ಟ್‌ವೇರ್) ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕ ಆಪ್ಟ್‌ನಿಂದ, ಪ್ರಾಜೆಕ್ಟಿನ ಪೈಥಾನ್ ಲೈಬ್ರರಿಗಳು ವೆನ್ವ್ (ಪ್ರಾಜೆಕ್ಟಿಗೊಂದು ಪ್ರತ್ಯೇಕ ಪೈಥಾನ್ ಫೋಲ್ಡರ್) ಒಳಗೆ.

ವೆನ್ವ್ ಇಲ್ಲದೆ ಪಿಪ್ (ಪೈಥಾನ್ ಲೈಬ್ರರಿ ಹಾಕುವ ಸಾಧನ) ಓಡಿಸಿ ಲೈಬ್ರರಿ ಹಾಕಹೊರಟರೆ ಡೆಬಿಯನ್ 12 ಎರರ್ ಕೊಟ್ಟು ನಿಲ್ಲಿಸುತ್ತದೆ. 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆ ಕೊಟ್ಟರೆ ದಾಟಬಹುದು, ಆದರೆ ಹೆಸರಲ್ಲೇ ಎಚ್ಚರಿಕೆ ಇದೆ! ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಹಾಗೆ ಹಾಕಿದ ಲೈಬ್ರರಿ ಯುಎಸ್ಆರ್-ಲೋಕಲ್ ಎಂಬ ಸಿಸ್ಟಮ್ ಫೋಲ್ಡರಿನಲ್ಲಿ ಕೂರುತ್ತದೆ. ಪೈಥಾನ್ ಅಲ್ಲೇ ಮೊದಲು ಹುಡುಕುವುದರಿಂದ ಆಪ್ಟ್ ಹಾಕಿದ ಪ್ರತಿ ಮರೆಯಾಗಿ, ಅದನ್ನು ನಂಬಿದ ಸಿಸ್ಟಮ್ ಪ್ರೋಗ್ರಾಮುಗಳು ಕೈಕೊಡಬಹುದು.

ವೆನ್ವ್‌ಗೆ 'ಪೈಥಾನ್3-ವೆನ್ವ್' ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಪ್ರಾಜೆಕ್ಟ್ ಕೆಲಸ ಮಾಡಿತೆಂದ ಮೇಲೆ 'ಪಿಪ್ ಫ್ರೀಜ್' ಕೊಟ್ಟು ಆವೃತ್ತಿಗಳ ಪಟ್ಟಿಯನ್ನು ಫೈಲಿಗೆ ಬರೆಸಿ. ಪಕ್ಕದ ಕಂಪ್ಯೂಟರಿಗೆ ಒಯ್ಯಬೇಕಾದ್ದು ಆ ಫೈಲನ್ನೇ ಹೊರತು ವೆನ್ವ್ ಫೋಲ್ಡರನ್ನಲ್ಲ; ಫೋಲ್ಡರಿನೊಳಗಿನ ಸ್ಕ್ರಿಪ್ಟುಗಳಲ್ಲಿ ಹಳೆಯ ಜಾಗದ ಪೂರ್ಣ ವಿಳಾಸ ಕೂತಿರುತ್ತದೆ.

ಸಿಸ್ಟಮ್‌ಗೇ ಹೊಸ ಆವೃತ್ತಿ ಬೇಕೆಂದರೆ ಬ್ಯಾಕ್‌ಪೋರ್ಟ್ಸ್ ಎಂಬ, ಹೊಸ ಆವೃತ್ತಿಗಳಿರುವ ರೆಪೊಸಿಟರಿಯನ್ನು (ಆಪ್ಟ್ ಪ್ಯಾಕೇಜು ತರುವ ಭಂಡಾರ) ಸೇರಿಸಿ. ಮಾಮೂಲಿ ರೆಪೊಸಿಟರಿಯ ಆದ್ಯತೆ 500, ಇದರದ್ದು 100. ಹಾಗಾಗಿ ನೀವು ಬ್ಯಾಕ್‌ಪೋರ್ಟ್ಸ್‌ನಿಂದಲೇ ಬೇಕೆಂದು ಹೆಸರಿಟ್ಟು ಕೇಳಿದ ಪ್ಯಾಕೇಜು, ಅದರ ಅಗತ್ಯದ ಸಂಗಾತಿಗಳು ಬರುತ್ತವೆ, ಉಳಿದವು ಅಲುಗುವುದಿಲ್ಲ. ಆದ್ಯತೆಯನ್ನು 1000 ಅಥವಾ ಅದಕ್ಕಿಂತ ಹೆಚ್ಚು ಮಾಡಿದರೆ ಮಾತ್ರ ಆಪ್ಟ್ ಹಳೆಯ ಆವೃತ್ತಿಗೂ ಹಿಂದಿರುಗಿಬಿಡುತ್ತದೆ.

'ಆಪ್ಟ್-ಮಾರ್ಕ್ ಹೋಲ್ಡ್' ಹಾಕಿ ಒಂದು ಪ್ಯಾಕೇಜನ್ನು ಕಟ್ಟಿಹಾಕುವುದು ಸುಲಭ, ಮರೆಯುವುದು ಇನ್ನೂ ಸುಲಭ. ಭದ್ರತಾ ಅಪ್‌ಡೇಟ್‌ಗಳೂ ಅದಕ್ಕೆ ಬರುವುದಿಲ್ಲ. ತಿಂಗಳಿಗೊಮ್ಮೆ 'ಆಪ್ಟ್-ಮಾರ್ಕ್ ಶೋಹೋಲ್ಡ್' ಓಡಿಸಿ, ಕಾರಣ ನೆನಪಿಗೆ ಬಾರದ್ದನ್ನು ಒಂದು ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿ.