‘ಡಿಗ್ರಡೇಶನ್’ ಎಂಬ ಪದದ ಸರಿಯಾದ ಅರ್ಥ ಹಿಡಿಯುವುದು ಹೇಗೆ?

ಮೂಡಿಗೆರೆಯ ನಮ್ಮ ಮನೆಯಲ್ಲಿ ಒಂದು ಮಳೆಗಾಲ, ಸ್ಟ್ರಿಪ್‌ನಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದ ಅಮ್ಮನ ಆಸ್ಪಿರಿನ್ ಮಾತ್ರೆಗಳನ್ನು ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂತು. ಔಷಧದ ಮಾಹಿತಿ ಹಾಳೆಗಳು ಇದನ್ನು ‘ಡಿಗ್ರಡೇಶನ್’ ಎನ್ನುತ್ತವೆ. ಅದೇ ಪದ ಜೀವಕೋಶದ ಪಾಠದಲ್ಲಿಯೂ ಮಾನವ ಹಕ್ಕುಗಳ ದಾಖಲೆಯಲ್ಲಿಯೂ ಬೇರೆ ಬೇರೆ ಅರ್ಥದಲ್ಲಿ ಎದುರಾಗುತ್ತದೆ. ಎಲ್ಲ ಕಡೆಯೂ ‘ಅವನತಿ’ ಎಂದು ಬರೆದುಬಿಡುವುದರಿಂದ ಓದುವವರಿಗೆ ವಿಷಯ ತಿಳಿಯುವುದಿಲ್ಲ.

ಮೊದಲ ಹೆಜ್ಜೆಯಾಗಿ, ಕೆಡುತ್ತಿರುವುದು ಯಾವುದು ಎಂದು ಕೇಳಿಕೊಳ್ಳಿ: ವಸ್ತುವೇ, ದೇಹದ ಭಾಗವೇ, ಅಥವಾ ಮನುಷ್ಯನ ಘನತೆಯೇ?

ವಸ್ತುವಾಗಿದ್ದರೆ, ಅದರ ಅಣುವೇ ಬದಲಾಗಿದೆಯೇ ಎಂಬುದನ್ನು ಎರಡನೆಯದಾಗಿ ನೋಡಬೇಕು. ಸಕ್ಕರೆ ನೀರಿನಲ್ಲಿ ಕರಗಿದರೆ ಅದು ಸಕ್ಕರೆಯಾಗಿಯೇ ಉಳಿಯುತ್ತದೆ, ಆದ್ದರಿಂದ ಅದು ಡಿಗ್ರಡೇಶನ್ ಅಲ್ಲ. ಆಸ್ಪಿರಿನ್ ಹಾಗಲ್ಲ; ಗಾಳಿಯಲ್ಲಿನ ತೇವ ತಗುಲಿದಾಗ ಅದರ ಅಣು ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಎಂದು ಎರಡಾಗುತ್ತದೆ, ಮತ್ತು ವಿನೆಗರ್‌ನಲ್ಲಿರುವುದೂ ಅದೇ ಅಸಿಟಿಕ್ ಆಮ್ಲವಾದ್ದರಿಂದ ಮೂಗಿಗೆ ಬರುವ ವಾಸನೆ ಅದರದೇ. ಇದಕ್ಕೆ ‘ವಿಘಟನೆ’ ಎಂಬುದೇ ತಕ್ಕ ಪದ. ನೀರಿನಿಂದ ಆದದ್ದು ಜಲವಿಘಟನೆ, ಆಮ್ಲಜನಕದಿಂದ ಆದದ್ದು ಉತ್ಕರ್ಷಣ. ಅರಸೀಕೆರೆಯ ಕೊಬ್ಬರಿ ಹಳೆಯದಾಗಿ ಕಮಟು ಹಿಡಿಯುವುದರಲ್ಲಿ ಇವೆರಡರ ಪಾಲೂ ಇದೆ. ಕಾಫಿ ಸಸಿ ಬೆಳೆಸುವ ಪಾಲಿಥೀನ್ ಚೀಲ ಬಿಸಿಲಿಗೆ ಬಿದ್ದು, ಕೈಯಿಟ್ಟರೆ ಪುಡಿಯಾಗುವುದೂ ವಿಘಟನೆಯೇ. ಅಲ್ಲಿ ಕೆಲಸ ಮಾಡಿದ್ದು ಸೂರ್ಯನ ನೇರಳಾತೀತ ಕಿರಣ. ಕೆಟ್ಟಿತು ಎಂದಷ್ಟೇ ಹೇಳದೆ, ಯಾವುದರಿಂದ ಕೆಟ್ಟಿತು ಎಂಬುದನ್ನೂ ಬರೆದರೆ ಓದುವವರಿಗೆ ಹೆಚ್ಚು ಉಪಯೋಗ.

ಮೂರನೆಯದು ವೈದ್ಯಕೀಯ, ಮತ್ತು ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಮೊಣಕಾಲಿನ ಎಕ್ಸ್‌ರೇ ವರದಿಯಲ್ಲಿ ಬರುವ ‘ಡಿಜನರೇಟಿವ್’ ಬೇರೆಯೇ ಪದ. ಮೃದ್ವಸ್ಥಿ ಮತ್ತು ಕೀಲು ಸವೆದಿರುವುದನ್ನು ಅದು ಸೂಚಿಸುತ್ತದೆ, ಮೂಳೆ ಕೊಳೆಯುತ್ತಿದೆ ಎಂದಲ್ಲ. ಅದನ್ನು ‘ಸವೆತ’ ಎಂದರೆ ಸಾಕು, ಹಿರಿಯರು ವೃಥಾ ಹೆದರುವುದು ತಪ್ಪುತ್ತದೆ. ಜೀವಕೋಶದೊಳಗಿನ ಡಿಗ್ರಡೇಶನ್ ಅಂತೂ ರೋಗವೇ ಅಲ್ಲ. ಕೆಲಸ ಮುಗಿದ ಪ್ರೋಟೀನ್‌ಗೆ ಕೋಶವು ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ, ಅದನ್ನು ತುಂಡು ತುಂಡಾಗಿ ಕತ್ತರಿಸಿ ಮತ್ತೆ ಬಳಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಆರನ್ ಸಿಕನೋವರ್, ಅವ್ರಾಮ್ ಹರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಇನ್ಸುಲಿನ್ ಕೂಡ ಪ್ರೋಟೀನ್ ಆದ್ದರಿಂದ, ನುಂಗಿದರೆ ಅನ್ನದ ಜೊತೆ ಅದೂ ಜೀರ್ಣವಾಗಿಬಿಡುತ್ತದೆ. ಅದನ್ನು ಚುಚ್ಚಿಕೊಳ್ಳಬೇಕಾಗಿರುವುದು ಇದೇ ಕಾರಣಕ್ಕೆ. ನಮ್ಮ ‘ಜೀರ್ಣ’ ಎಂಬ ಪದ ಇಲ್ಲಿ ಎಷ್ಟು ಚೆನ್ನಾಗಿ ಒದಗಿಬರುತ್ತದೆ ನೋಡಿ: ಹೊಟ್ಟೆಯಲ್ಲಿ ಅನ್ನ ಕರಗುವುದಕ್ಕೂ ಅದೇ ಪದ, ಹಳೆಯ ಗುಡಿ ಶಿಥಿಲವಾಗುವುದಕ್ಕೂ ಅದೇ ಪದ, ಜೀರ್ಣೋದ್ಧಾರ ಬಂದದ್ದು ಅಲ್ಲಿಂದಲೇ.

ಇನ್ನು ದಿನಬಳಕೆ. ಇಳಿಜಾರಿನ ತೋಟದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಭೂಮಿ ಬಡವಾದರೆ ‘ಸಾರ ಕುಂದಿತು’ ಎನ್ನಬಹುದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 5ನೇ ವಿಧಿಯಲ್ಲಿ ‘ಡಿಗ್ರೇಡಿಂಗ್’ ಎಂದಿರುವುದು ಮನುಷ್ಯನನ್ನು ಹೀನಾಯವಾಗಿ ನಡೆಸಿಕೊಳ್ಳುವುದರ ಬಗ್ಗೆ. ಅಲ್ಲಿ ವಿಘಟನೆಯೂ ಸವೆತವೂ ಹೊಂದುವುದಿಲ್ಲ.

ಹುಳಿ ವಾಸನೆ ಬಂದ ಆಸ್ಪಿರಿನ್ ಮಾತ್ರೆಯನ್ನು, ಅವಧಿ ಮುಗಿದಿರದಿದ್ದರೂ, ನುಂಗಬಾರದು. ಹಾಗೆಂದು ಹೃದಯಕ್ಕಾಗಿ ದಿನವೂ ತೆಗೆದುಕೊಳ್ಳುವವರು ಮಾತ್ರೆಯನ್ನೇ ನಿಲ್ಲಿಸಬಾರದು. ಅಂದೇ ಹೊಸ ಸ್ಟ್ರಿಪ್ ತಂದು, ಬಿಡಿಸದೆ, ಒಲೆಯಿಂದಲೂ ಬಚ್ಚಲಿನಿಂದಲೂ ದೂರವಿರುವ ಒಣ ಬೀರುವಿನಲ್ಲಿ ಇಡಬೇಕು.